ಮ್ಯಾಕಾರ್ಥರ್ ಚಿತ್ರಮಂದಿರದ ಐವತ್ತು ವರ್ಷ

ವಾಷಿಂಗ್ಟನ್ ನಗರದ ವಾಯವ್ಯ ಅಂಚಿನಲ್ಲಿ, ಪೊಟೋಮ್ಯಾಕ್ ನದಿಯ ದಂಡೆ ಹಿಡಿದು ಒಂದು ರಸ್ತೆ ಸಾಗುತ್ತದೆ. ಅದರ ಒಡಲಲ್ಲಿ ನೀರು ಹರಿಯುತ್ತದೆ. ಗ್ರೇಟ್ ಫಾಲ್ಸ್‌ನಿಂದ ರಾಜಧಾನಿಗೆ ಕುಡಿಯುವ ನೀರು ತರಲು ಸೇನೆಯ ಎಂಜಿನಿಯರ್ ಮಾಂಟ್ಗೊಮೆರಿ ಮೀಗ್ಸ್ 1853ರಲ್ಲಿ ಆರಂಭಿಸಿದ ಕಾಮಗಾರಿಯ ಸುರಂಗನಾಲೆ ಅದು. ಹಾಗಾಗಿ ಬಹುಕಾಲ ಆ ರಸ್ತೆಗೆ ಕಾಂಡ್ಯುಯಿಟ್ ರೋಡ್ ಎಂದೇ ಹೆಸರು. 1942ರಲ್ಲಿ, ಫಿಲಿಪ್ಪೀನ್ಸ್‌ನಲ್ಲಿ ಜಪಾನೀಯರ ವಿರುದ್ಧ ಕಾದಾಡಿದ ದಂಡನಾಯಕ ಡಗ್ಲಸ್ ಮ್ಯಾಕಾರ್ಥರ್‌ನ ಗೌರವಾರ್ಥ ಅದು ಮ್ಯಾಕಾರ್ಥರ್ ಬುಲೆವಾರ್ಡ್ ಆಯಿತು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಆ ರಸ್ತೆಯ ಪ್ಯಾಲಿಸೇಡ್ಸ್ ಬಡಾವಣೆಯಲ್ಲಿ ಅದೇ ಹೆಸರಿನ ಚಿತ್ರಮಂದಿರವೊಂದು ಬಾಗಿಲು ತೆರೆಯಿತು. ಐವತ್ತು ವರ್ಷ ಅದು ಆ ಬಡಾವಣೆಯ ಸಂಜೆಗಳನ್ನು ಆಳಿತು. ಈಗ ಅಲ್ಲಿರುವುದು ಸಿವಿಎಸ್ ಕಂಪನಿಯ ಔಷಧಿ ಅಂಗಡಿ.

ಅದು ತೆರೆದ ವರ್ಷವೇ ಅಮೆರಿಕದ ಚಿತ್ರಮಂದಿರಗಳ ಸುವರ್ಣ ವರ್ಷ. 1946ರಲ್ಲಿ ಆ ದೇಶದಲ್ಲಿ ವಾರಕ್ಕೆ ಸುಮಾರು 9 ಕೋಟಿ ಟಿಕೆಟುಗಳು ಮಾರಾಟವಾಗುತ್ತಿದ್ದವೆಂದು ಚಿತ್ರೋದ್ಯಮದ ಲೆಕ್ಕ. ಯುದ್ಧದಿಂದ ಮರಳಿದ ಸೈನಿಕರು, ಸರ್ಕಾರಿ ಕಚೇರಿಗಳ ಗುಮಾಸ್ತರು, ಅವರ ಹೆಂಡಿರು ಮಕ್ಕಳು, ಎಲ್ಲರೂ ಸಂಜೆಯಾದರೆ ತಮ್ಮ ಬಡಾವಣೆಯ ಚಿತ್ರಮಂದಿರದತ್ತ ಹೆಜ್ಜೆ ಹಾಕುತ್ತಿದ್ದ ಕಾಲ. ವಾಷಿಂಗ್ಟನ್ನಿನಲ್ಲಿ ಇಂಥ ಚಿತ್ರಮಂದಿರಗಳ ಸರಪಳಿಯನ್ನು ಕಟ್ಟಿದವರಲ್ಲಿ ಕೋಗೊಡ್ ಮತ್ತು ಬರ್ಕಾ ಜೋಡಿಯ ಕೆ-ಬಿ ಸಂಸ್ಥೆ ಮುಖ್ಯವಾದದ್ದು. ಮ್ಯಾಕಾರ್ಥರ್ ಅವರದೇ. ಅದಕ್ಕೆ ನಕ್ಷೆ ಬರೆದವನು ಬಾಲ್ಟಿಮೋರಿನ ವಾಸ್ತುಶಿಲ್ಪಿ ಜಾನ್ ಜೇಕಬ್ ಜಿಂಕ್. ಅಮೆರಿಕದ ಪೂರ್ವ ಕರಾವಳಿಯಲ್ಲಿ 200ಕ್ಕೂ ಹೆಚ್ಚು ಚಿತ್ರಮಂದಿರಗಳಿಗೆ ರೂಪ ಕೊಟ್ಟ ಕೀರ್ತಿ ಅವನದು. ವಾಷಿಂಗ್ಟನ್ನಿನ ಅಪ್‌ಟೌನ್ (1936), ಅದೇ ನಗರದ ಬ್ರುಕ್‌ಲ್ಯಾಂಡ್ ಬಡಾವಣೆಯ ನ್ಯೂಟನ್ (1937), ಬಾಲ್ಟಿಮೋರಿನ ಸೆನೇಟರ್ (1939) ಎಲ್ಲವೂ ಅವನ ಕೈಯವು.

ಜಿಂಕ್‌ನ ಕಾಲದ ಚಿತ್ರಮಂದಿರದಲ್ಲಿ ಪ್ರತಿಯೊಂದಕ್ಕೂ ಒಂದು ಕೆಲಸವಿತ್ತು. ರಸ್ತೆಗೆ ಚಾಚಿದ ಮಾರ್ಕೀ ಎಂಬ ಚಾವಣಿ, ಅದರ ಮೇಲೆ ಕೈಯಿಂದ ಜೋಡಿಸುವ ಅಕ್ಷರಗಳಲ್ಲಿ ಚಿತ್ರದ ಹೆಸರು. ಕೆಳಗೆ ಟಿಕೆಟ್ ಕಿಂಡಿ. ಒಳಗೆ ಹೊರಗಿನ ಬೆಳಕನ್ನು ಮರೆಸುವ ಮೊಗಸಾಲೆ. ಅದನ್ನು ದಾಟಿದರೆ ಪರದೆಯತ್ತ ಇಳಿಜಾರಾದ ನೆಲದ ದೊಡ್ಡ ಕತ್ತಲ ಸಭಾಂಗಣ. ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಪ್ರೊಜೆಕ್ಟರ್ ಕೋಣೆ. ಆಗಿನ ಫಿಲ್ಮು ನೈಟ್ರೇಟಿನದು, ಕಿಡಿ ತಗುಲಿದರೆ ಭಗ್ಗೆಂದು ಹತ್ತಿಕೊಳ್ಳುವಂಥದು. ಆದ್ದರಿಂದ ಆ ಕೋಣೆಯ ಗೋಡೆಗಳು ಬೆಂಕಿ ತಡೆಯುವಂಥವು. ಅನಾಹುತವಾದರೆ ಕಿಂಡಿಗಳ ಮೇಲೆ ಕಬ್ಬಿಣದ ಫಲಕಗಳು ಇಳಿದು ಸಭಾಂಗಣವನ್ನು ಕಾಯಬೇಕು.

ಆ ಕೋಣೆಯಲ್ಲಿ ಎರಡು ಯಂತ್ರಗಳು. 2,000 ಅಡಿಯ ಒಂದು ರೀಲು ಸುಮಾರು 22 ನಿಮಿಷ ಓಡುತ್ತದೆ. ಒಂದು ರೀಲು ಮುಗಿಯುತ್ತ ಬಂದಂತೆ ಪರದೆಯ ಬಲಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮಾಯವಾಗುತ್ತದೆ. ಆಪರೇಟರ್ ಎರಡನೆಯ ಯಂತ್ರದ ಮೋಟಾರು ಹಾಕುತ್ತಾನೆ. ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು ಚುಕ್ಕೆ. ಆ ಕ್ಷಣಕ್ಕೆ ಸರಿಯಾಗಿ ಅವನು ಮೊದಲ ಯಂತ್ರದ ಬೆಳಕನ್ನು ಮುಚ್ಚಿ ಎರಡನೆಯದರ ಬೆಳಕನ್ನು ತೆರೆಯಬೇಕು. ಕೆಳಗೆ ಕುಳಿತ ಸಾವಿರ ಜನಕ್ಕೆ ರೀಲು ಬದಲಾದದ್ದು ತಿಳಿಯದಿದ್ದರೆ ಅದೇ ಅವನ ವಿದ್ಯೆಗೆ ಸಂದ ಗೌರವ. ನಡುನಡುವೆ ದೀಪದ ಕಾರ್ಬನ್ ಕಡ್ಡಿಗಳು ಉರಿದು ಸವೆದಂತೆಲ್ಲ ಅವುಗಳ ಅಂತರವನ್ನೂ ಅವನೇ ನೋಡಿಕೊಳ್ಳಬೇಕಿತ್ತು. ನಮ್ಮ ಮೈಸೂರು, ಹುಬ್ಬಳ್ಳಿ, ದಾವಣಗೆರೆಯ ಟಾಕೀಸುಗಳಲ್ಲಿ ದುಡಿದ ಹಿರಿಯ ಆಪರೇಟರುಗಳು ಕಲಿತ ಕಸುಬೂ ಇದೇ.

ಆ ವೈಭವದ ಕಾಲಕ್ಕೆ ಒಂದು ಕಳಂಕವಿತ್ತು. ಅದನ್ನು ಹೇಳದೆ ಈ ಕಥನ ಪೂರ್ಣವಾಗದು. ಆಗಿನ ವಾಷಿಂಗ್ಟನ್ನಿನ ಬಿಳಿಯರ ಬಡಾವಣೆಗಳ ಚಿತ್ರಮಂದಿರಗಳು ಕರಿಯರನ್ನು ಒಳಗೆ ಬಿಡುತ್ತಿರಲಿಲ್ಲ. ಅವರು ಯು ಸ್ಟ್ರೀಟಿನ ಲಿಂಕನ್‌ನಂಥ ತಮ್ಮವೇ ಚಿತ್ರಮಂದಿರಗಳಿಗೆ ಹೋಗುತ್ತಿದ್ದರು. 1953ರಲ್ಲಿ ಥಾಂಪ್ಸನ್ ಉಪಾಹಾರಗೃಹದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ ರಾಜಧಾನಿಯ ಸಾರ್ವಜನಿಕ ಸ್ಥಳಗಳ ಬಾಗಿಲುಗಳು ಎಲ್ಲರಿಗೂ ತೆರೆಯತೊಡಗಿದವು. ಈ ಬಹಿಷ್ಕಾರ ದಕ್ಷಿಣದ ಅಟ್ಲಾಂಟಾದಲ್ಲೂ ಇತ್ತು. 1939ರ ಡಿಸೆಂಬರ್ 15ರಂದು ಅಲ್ಲಿನ ಲೋವ್ಸ್ ಗ್ರ್ಯಾಂಡ್ ಚಿತ್ರಮಂದಿರದಲ್ಲಿ 'ಗಾನ್ ವಿತ್ ದ ವಿಂಡ್' ಮೊದಲ ಬಾರಿಗೆ ತೆರೆ ಕಂಡಾಗ ಆ ಉತ್ಸವಕ್ಕೆ ಊರಿಗೆ ಊರೇ ಸೇರಿತು. ಅದೇ ಚಿತ್ರದ ಅಭಿನಯಕ್ಕೆ ಆಸ್ಕರ್ ಗೆದ್ದ ಹ್ಯಾಟಿ ಮೆಕ್‌ಡೇನಿಯಲ್‌ಗೆ ಮಾತ್ರ, ಮೈಬಣ್ಣದ ಕಾರಣಕ್ಕೆ, ಆ ರಾತ್ರಿ ಅಲ್ಲಿ ಜಾಗವಿರಲಿಲ್ಲ.

ಮ್ಯಾಕಾರ್ಥರ್‌ಗೆ ಎರಡು ವರ್ಷ ತುಂಬುವ ಹೊತ್ತಿಗೇ ಕಾಲ ತಿರುಗತೊಡಗಿತ್ತು. ಚಿತ್ರ ತಯಾರಿಸುವ ಸ್ಟುಡಿಯೊಗಳೇ ಚಿತ್ರಮಂದಿರಗಳ ಒಡೆತನವನ್ನೂ ಹೊಂದಿರಬಾರದೆಂಬ ದಾರಿಗೆ 1948ರ ಪ್ಯಾರಾಮೌಂಟ್ ತೀರ್ಪು ಹಳೆಯ ವ್ಯವಸ್ಥೆಯನ್ನು ತಂದು ನಿಲ್ಲಿಸಿತು. ಮನೆಮನೆಗೆ ಟಿವಿ ಬಂತು. ಜನ ಹೊರವಲಯದ ಉಪನಗರಗಳಿಗೆ ಚದುರಿದರು, ಅವರ ಹಿಂದೆಯೇ ಮಾಲ್‌ಗಳೂ ಮಲ್ಟಿಪ್ಲೆಕ್ಸ್‌ಗಳೂ ಹೋದವು. ಒಂದೇ ಪರದೆಯ ಮಂದಿರಗಳು ಉಳಿಯಲು ಒಂದು ಉಪಾಯ ಹೂಡಿದವು: ದೊಡ್ಡ ಸಭಾಂಗಣಕ್ಕೆ ಗೋಡೆ ಎಬ್ಬಿಸಿ ಮೂರು ಮಾಡುವುದು. 1980ರ ದಶಕದಲ್ಲಿ ಮ್ಯಾಕಾರ್ಥರ್ ಕೂಡ ಮೂರು ಪರದೆಯದಾಯಿತು. ಅದರಿಂದ ಕೆಲವು ವರ್ಷ ಆಯಸ್ಸು ಸಿಕ್ಕಿತು. ಜಿಂಕ್ ಕಲ್ಪಿಸಿದ ವಿಶಾಲ ಸಭಾಂಗಣ ಮಾತ್ರ ಅಂದೇ ಹೋಯಿತು. 1997ರಲ್ಲಿ ಕೊನೆಯ ಆಟ ಮುಗಿಯಿತು.

ಆ ಮೇಲೆ ಔಷಧಿ ಅಂಗಡಿ ಬಂತು. ವಾಷಿಂಗ್ಟನ್ನಿನಲ್ಲಿ ಈ ಗತಿ ಮ್ಯಾಕಾರ್ಥರ್ ಒಂದರದೇ ಅಲ್ಲ. ಜಿಂಕ್‌ನ ನ್ಯೂಟನ್ ಕೂಡ ಸಿವಿಎಸ್ ಆಯಿತು. ಜಾರ್ಜ್‌ಟೌನಿನಲ್ಲಿ 1967ರಿಂದ 1996ರವರೆಗೆ ಕಲಾತ್ಮಕ ಮತ್ತು ಹಳೆಯ ಚಿತ್ರಗಳನ್ನು ತೋರಿಸಿದ ಬಯೋಗ್ರಾಫ್ ಕೂಡ ಅದೇ ಕಂಪನಿಯ ಅಂಗಡಿಯಾಯಿತು. ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ, ಕಿಂಗ್ ಸ್ಟ್ರೀಟಿನ ಗಾರ್ಡನ್ ಥಿಯೇಟರ್ ಬಟ್ಟೆ ಅಂಗಡಿಯಾಯಿತು. ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಕಂಬಗಳ ಅಡ್ಡಿಯಿಲ್ಲದ ವಿಶಾಲ ಒಳಾಂಗಣ ಬೇರೆಡೆ ಸುಲಭವಾಗಿ ಸಿಗದು. ಕಿಟಕಿಯಿಲ್ಲದ ಗೋಡೆಗಳ ಉದ್ದಕ್ಕೂ ಸಾಮಾನಿನ ಕಪಾಟು ಜೋಡಿಸಬಹುದು. ಬಡಾವಣೆಯ ಜನ ದಿನವೂ ಓಡಾಡುವ ರಸ್ತೆಗೆ ಅದರ ಮುಖವಿದೆ. ಇಳಿಜಾರು ನೆಲವನ್ನು ಮಟ್ಟಮಾಡಿದರೆ ಮಂದಿರ ಮಳಿಗೆಯಾಗುತ್ತದೆ. ಮ್ಯಾಕಾರ್ಥರ್‌ನ ಮುಂಬದಿ ಉಳಿದಿರುವುದರಿಂದ, ಅದು ಒಂದು ಕಾಲದಲ್ಲಿ ಚಿತ್ರಮಂದಿರವಾಗಿತ್ತೆಂದು ದಾರಿಹೋಕರಿಗೆ ಈಗಲೂ ನೋಡಿದೊಡನೆ ತಿಳಿಯುತ್ತದೆ.

ಉಳಿದವುಗಳ ಭಾಗ್ಯ ಬಗೆಬಗೆಯದು. ಲೋವ್ಸ್ ಗ್ರ್ಯಾಂಡ್ 1978ರಲ್ಲಿ ಬೆಂಕಿಗೆ ಆಹುತಿಯಾಗಿ, ಅದರ ಜಾಗದಲ್ಲಿ ಜಾರ್ಜಿಯಾ-ಪೆಸಿಫಿಕ್ ಗೋಪುರ ಎದ್ದಿತು. ಅದೇ ಅಟ್ಲಾಂಟಾದ ಫಾಕ್ಸ್ ಥಿಯೇಟರನ್ನು ಕೆಡವಲು ದೂರವಾಣಿ ಕಂಪನಿ ಮುಂದಾದಾಗ ನಾಗರಿಕರು ಒಗ್ಗೂಡಿ, ಹಣ ಕೂಡಿಸಿ, 1975ರಲ್ಲಿ ಅದನ್ನು ಉಳಿಸಿಕೊಂಡರು. 1929ರ ಆ ಮಂದಿರ ಇಂದಿಗೂ ತುಂಬಿ ತುಳುಕುತ್ತದೆ. 1968ರಲ್ಲಿ '2001: ಎ ಸ್ಪೇಸ್ ಒಡಿಸ್ಸಿ' ಮೊದಲು ತೆರೆ ಕಂಡ ವಾಷಿಂಗ್ಟನ್ನಿನ ಅಪ್‌ಟೌನ್, 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು.

ಕನ್ನಡಿಗರಿಗೆ ಈ ಕಥೆ ದೂರದ್ದೇನೂ ಅಲ್ಲ. ಬೆಂಗಳೂರಿನ ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಕೂಡುವೆಡೆಯ ಒಪೆರಾ ಹೌಸ್, ಬ್ರಿಟಿಷರ ಕಾಲದಲ್ಲಿ ರಂಗಮಂದಿರ, ಬಳಿಕ ಚಿತ್ರಮಂದಿರ. ಬಹುಕಾಲ ಪಾಳುಬಿದ್ದು, 2018ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಮಳಿಗೆಯಾಗಿ ಮತ್ತೆ ತೆರೆಯಿತು. ಹೊರರೂಪವನ್ನೂ ಹೆಸರನ್ನೂ ಉಳಿಸಿಕೊಂಡದ್ದು ಅದರ ಪುಣ್ಯ. ಮೆಜೆಸ್ಟಿಕ್‌ನ ಎಷ್ಟೋ ಚಿತ್ರಮಂದಿರಗಳಿಗೆ ಅಷ್ಟೂ ದಕ್ಕಲಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆ ಕಂಡದ್ದು ಸಿಟಿ ಮಾರುಕಟ್ಟೆ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ. ಇಂದು ಆ ಮಂದಿರವೂ ಇಲ್ಲ, ಆ ಚಿತ್ರದ ಪ್ರತಿಯೂ ಇಲ್ಲ.

ಚಿತ್ರಮಂದಿರವನ್ನು ಚಿತ್ರಮಂದಿರವಾಗಿಯೇ ಉಳಿಸುವುದು ಮೊದಲ ಮಾತು. ಅಟ್ಲಾಂಟಾದ ಜನ ಅದು ಸಾಧ್ಯವೆಂದು ತೋರಿಸಿದ್ದಾರೆ. ಅದಾಗದಲ್ಲಿ ಮುಂಬದಿಯನ್ನಾದರೂ ಉಳಿಸಬೇಕು. ಅದೂ ಆಗದಲ್ಲಿ ಚರಿತ್ರೆಯನ್ನು ಬರೆದಿಡಬೇಕು. ನಿಮ್ಮ ಊರಿನ ಟಾಕೀಸು ಯಾವ ವರ್ಷ ತೆರೆಯಿತು, ಮೊದಲು ಯಾವ ಚಿತ್ರ ಹಾಕಿದರು, ಯಾರು ಕಟ್ಟಿಸಿದರು, ಯಾರಿಗೆ ಎಲ್ಲಿ ಕೂರಲು ಜಾಗವಿತ್ತು, ಯಾರಿಗೆ ಇರಲಿಲ್ಲ, ಯಾವ ಆಟ ಕೊನೆಯದಾಯಿತು ಎಂದು ಬಲ್ಲವರು ಇನ್ನೂ ಇದ್ದಾರೆ. ಗೇಟು ಕಾಯ್ದವರನ್ನು, ರೀಲು ಓಡಿಸಿದವರನ್ನು ಈಗಲೇ ಕೇಳಿ ಬರೆದುಕೊಳ್ಳಿ. ಹಳೆಯ ಟಾಕೀಸನ್ನು ಕೊಂಡು ಮಳಿಗೆ ಮಾಡುವವರು ಅದರ ಹೆಸರನ್ನೂ ವರ್ಷವನ್ನೂ ಮುಂಬಾಗಿಲಲ್ಲಿ ಕೆತ್ತಿಸಲಿ. ಅದಕ್ಕೆ ತಗಲುವ ಖರ್ಚು ಒಂದು ಕಲ್ಲುಫಲಕದ್ದು ಮಾತ್ರ.