ಹಟ್ಟಿಯ ಮನೆ, ಬೆಟ್ಟದ ಕಟ್ಟಳೆ

ನೀಲಗಿರಿಯ ಹಳೆಯ ಹಟ್ಟಿಗಳಲ್ಲಿ ಮನೆಗಳು ಇಳಿಜಾರಿಗೆ ಅಡ್ಡಲಾಗಿ, ಒಂದರ ಗೋಡೆಗೆ ಇನ್ನೊಂದು ತಾಗಿಕೊಂಡು ಸಾಲಾಗಿ ನಿಂತಿರುತ್ತವೆ. ಎತ್ತರ ಕಡಿಮೆ, ಮುಂದೆ ಉದ್ದಕ್ಕೂ ಅಂಗಳ. ಮೈಸೂರು ಸೀಮೆಯಿಂದ ಬೆಟ್ಟವೇರಿದವರೆಂದು ಬಡಗರ ಹಿರಿಯರು ಹೇಳುತ್ತ ಬಂದಿದ್ದಾರೆ. ಬಡಗಣ ದಿಕ್ಕಿನವರು ಎಂಬುದೇ ಆ ಹೆಸರಿನ ಅರ್ಥ. ಅವರ ಮಾತು ಕನ್ನಡಕ್ಕೆ ಬಹು ಸಮೀಪವೆಂಬುದನ್ನು ಹೆತ್ತೆ ಹಬ್ಬಕ್ಕೆ ಬೇರಗಣಿಗೆ ಹೋಗಿಬಂದ ಭಕ್ತಾದಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೆಲಕ್ಕಾಗಿ ಸರ್ಕಾರಕ್ಕೆ ಅರ್ಜಿ ಹಾಕುವ ಕಾಲ ಬಂದದ್ದು ಇಂಗ್ಲಿಷರ ಆಳ್ವಿಕೆಯಲ್ಲಿ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟಕ್ಕೆ ಬಂದ. ಕಂದಾಯ ಕಟ್ಟಿದ್ದಕ್ಕಿಂತ ಹೆಚ್ಚು ನೆಲವನ್ನು ಸರದಿಯಂತೆ ಉಳುತ್ತ, ಉಳಿದದ್ದನ್ನು ಬೀಳು ಬಿಡುವ 'ಬುರ್ತಿ' ಪದ್ಧತಿ ಆಗ ರೂಢಿಯಲ್ಲಿತ್ತು. 1860ರ ದಶಕದಲ್ಲಿ ಅದು ರದ್ದಾಯಿತು. ಬೀಳು ನೆಲ ನಾಳೆಯೂ ತನ್ನದೇ ಎಂಬ ಧೈರ್ಯ ರೈತನಿಗೆ ಅಂದೇ ಹೋಯಿತೆನ್ನಬೇಕು. 1882ರಲ್ಲಿ ಮದ್ರಾಸ್ ಅರಣ್ಯ ಕಾಯಿದೆ ಬಂದಿತು. ಸ್ವಾತಂತ್ರ್ಯಾನಂತರ, 1955ರ ಕಾಯಿದೆಯಿಂದ, ಬೆಟ್ಟ ಪ್ರದೇಶದಲ್ಲಿ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ಅಪ್ಪಣೆ ಬೇಕಾಯಿತು.

ಮನೆ ಕಟ್ಟುವ ಮಾತು ಬಿಗಿಯಾದದ್ದು ಅದರ ನಂತರ. 1978ರ ನವೆಂಬರಿನ ಮಳೆಗೆ ಗುಡ್ಡಗಳು ಜರಿದವು. 1986ರಲ್ಲಿ ನೀಲಗಿರಿ ದೇಶದ ಮೊದಲ ಜೀವಗೋಳ ಮೀಸಲು ಪ್ರದೇಶವಾಯಿತು. 1990ರಲ್ಲಿ ತಮಿಳುನಾಡು ಸರ್ಕಾರ ಬೆಟ್ಟ ಪ್ರದೇಶ ಸಂರಕ್ಷಣಾ ಪ್ರಾಧಿಕಾರವನ್ನು ರಚಿಸಿತು. ಜನರ ಬಾಯಲ್ಲಿ ಅದು 'ಹಾಕಾ'. ಕಟ್ಟಡದ ಎತ್ತರ 7 ಮೀಟರ್ ಮೀರಕೂಡದೆಂಬ ಕಟ್ಟಳೆ 1993ರ ಗಿರಿಧಾಮ ಕಟ್ಟಡ ನಿಯಮಗಳಲ್ಲಿ ಬಂದಿತು. ಅಂದರೆ ಸುಮಾರು 23 ಅಡಿ. ಹಟ್ಟಿಯ ಹಳೆಯ ಸಾಲುಮನೆಗೆ ಇದರಿಂದ ಯಾವ ಅಡ್ಡಿಯೂ ಇರಲಿಲ್ಲ!

ಅಡ್ಡಿಯಾದದ್ದು ಬೆಳೆದ ಸಂಸಾರಗಳಿಗೆ. ಅಣ್ಣತಮ್ಮಂದಿರು ಪಾಲಾದಾಗ ಸಾಲಿನಲ್ಲಿ ಜಾಗವಿಲ್ಲ. ಹೊಸ ಮನೆಗೆ ಗುಡ್ಡ ಅಗೆಯಬೇಕು. ಪಟ್ಟಾ, ಸರ್ವೆ ನಕ್ಷೆ, ಇಂಜಿನಿಯರರ ಪ್ಲಾನು ಎಲ್ಲವನ್ನೂ ಹಿಡಿದು ಕಚೇರಿಗೆ ಅಲೆಯಬೇಕು. ದೊಡ್ಡ ಕಟ್ಟಡವಾದರೆ ಅರಣ್ಯ, ಭೂಗರ್ಭ, ಕೃಷಿ ಇಂಜಿನಿಯರಿಂಗ್ ಇಲಾಖೆಗಳ ಅಭಿಪ್ರಾಯವೂ ಬೇಕು. ಇತ್ತ ಬಡವನ ಕಡತ ಮೇಜಿನ ಮೇಲೆ ಕೂತಿರುವಾಗಲೇ ಅತ್ತ ಉಳ್ಳವರ ವಿಶ್ರಾಂತಿಧಾಮಗಳು ಎದ್ದವು ಎಂಬ ಅಸಮಾಧಾನ ಬೆಟ್ಟದ ಮೇಲೆ ಹಳೆಯದು, ಅದು ಸುಳ್ಳೂ ಅಲ್ಲ. ಸಿಗೂರು ಪ್ರಸ್ಥಭೂಮಿಯ ಆನೆದಾರಿಯಲ್ಲಿದ್ದ ರೆಸಾರ್ಟುಗಳಿಗೆ ಬೀಗ ಹಾಕಿಸಲು 2018ರಲ್ಲಿ ಸುಪ್ರೀಂ ಕೋರ್ಟೇ ಆಜ್ಞೆ ಮಾಡಬೇಕಾಯಿತು. 2020ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಆನೆದಾರಿಯನ್ನು ಎತ್ತಿಹಿಡಿಯಿತು.

ಹಾಗೆಂದು ಕಟ್ಟಳೆಯನ್ನೇ ಹಳಿಯುವಂತಿಲ್ಲ. 2009ರ ನವೆಂಬರಿನಲ್ಲಿ ಕೂನೂರು, ಕೇತಿ ಸೀಮೆಯ ಗುಡ್ಡಗಳು ಕುಸಿದು ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಮಡಿದರು. ಮನೆಗಾಗಿ ಹಿಂದಿನ ದಿಬ್ಬವನ್ನು ನೆಟ್ಟಗೆ ಕಡಿದು, ನೀರು ಹೋಗಲು ಚರಂಡಿ ಬಿಡದಿದ್ದರೆ ಮಣ್ಣು ನೆನೆದು ಜಾರುತ್ತದೆ. ಇಳಿಜಾರು ಎಷ್ಟು, ತಡೆಗೋಡೆ ಎಲ್ಲಿ, ಮಳೆಯ ನೀರು ಯಾವ ಕಡೆಗೆ ಎಂದು ಅಧಿಕಾರಿಗಳು ಪ್ಲಾನಿನಲ್ಲಿ ಹುಡುಕುವುದು ಇದಕ್ಕಾಗಿಯೇ.