ಒಡ್ಡಿನ ಆಚೆಗೆ ನೋಡಲು ಕಲಿತ ವಿಜ್ಞಾನ
ಸಿಗಡಿ ಕೃಷಿ ಕರಾವಳಿಯ ಮಣ್ಣು, ನೀರಿಗೆ ಏನು ಮಾಡುತ್ತದೆ? ಅಧ್ಯಯನಗಳು ನಡೆದುಬಂದ ದಾರಿಯ ಸಮೀಕ್ಷೆ

ಭಾರತ 2022-23ರಲ್ಲಿ 7.11 ಲಕ್ಷ ಟನ್ ಶೀತಲೀಕರಿಸಿದ ಸಿಗಡಿಯನ್ನು ಹೊರದೇಶಗಳಿಗೆ ಕಳಿಸಿತು. ಇದರಲ್ಲಿ ಬಹುಪಾಲು ಬಂದದ್ದು ಸಮುದ್ರದ ಬಲೆಯಿಂದಲ್ಲ, ಕರಾವಳಿಯ ಕೊಳಗಳಿಂದ. ಎಷ್ಟು ಟನ್ ಬೆಳೆಯಿತು, ಎಷ್ಟು ಡಾಲರ್ ಬಂತು ಎಂಬ ಲೆಕ್ಕ ವರ್ಷವರ್ಷವೂ ಸಿಗುತ್ತದೆ. ಕೊಳ ಮಣ್ಣಿನಲ್ಲಿ, ಬಾವಿಯಲ್ಲಿ, ಅಳಿವೆಯಲ್ಲಿ ಬಿಟ್ಟುಹೋಗುವುದರ ಲೆಕ್ಕ ಮಾತ್ರ ನಿಧಾನವಾಗಿ, ತುಂಡುತುಂಡಾಗಿ ಕೂಡಿಬಂದಿದೆ. ವಿಜ್ಞಾನ ಮೊದಲು ಕೇಳಿದ್ದು ನೀರು ಸಿಗಡಿಗೆ ಏನು ಮಾಡುತ್ತದೆ ಎಂದು. ಸಿಗಡಿ ನೀರಿಗೆ ಏನು ಮಾಡುತ್ತದೆ ಎಂಬುದು ಆಮೇಲಿನ ಪ್ರಶ್ನೆ. ಮಣ್ಣಿನ ಸರದಿ ಬಂದದ್ದು ಕೊನೆಗೆ. ಇವತ್ತಿನ ಕಾನೂನಿನ ಕೊರತೆಗಳಿಗೆ ಈ ಅನುಕ್ರಮವೇ ಬಹುಮಟ್ಟಿಗೆ ಕಾರಣ.

ಮಳೆ ತೊಳೆಯುತ್ತಿದ್ದ ಉಪ್ಪು

ಉಪ್ಪುನೀರಿನ ಕೃಷಿ ಹೊಸದಲ್ಲ. ಕುಮಟಾದ ಅಘನಾಶಿನಿ ಅಳಿವೆಯ ಗಜನಿ, ಕೇರಳದ ಪೊಕ್ಕಾಳಿ, ಗೋವಾದ ಖಾಜನ್, ಬಂಗಾಳದ ಭೇರಿ ಎಲ್ಲವೂ ಉಬ್ಬರವಿಳಿತದ ನೀರನ್ನು ಒಡ್ಡು ಮತ್ತು ತೂಬಿನಿಂದ ನಿಭಾಯಿಸಿದ ಪದ್ಧತಿಗಳು. ಗಜನಿಯಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಅದರೊಂದಿಗೆ ಮೀನು, ಸಿಗಡಿಯ ಮರಿಗಳೂ ಬರುತ್ತವೆ; ಭತ್ತದ ಕೂಳೆ ಕೊಳೆತು ಅವಕ್ಕೆ ಆಹಾರವಾಗುತ್ತದೆ, ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಬೇಸಿಗೆಯಲ್ಲಿ ಮಣ್ಣಿಗೆ ಇಳಿದ ಉಪ್ಪನ್ನು ಜೂನ್, ಜುಲೈ ಮಳೆ ತೊಳೆದು ಹೊಳೆಗೆ ಒಯ್ಯುತ್ತದೆ.

ಈ ಪದ್ಧತಿಗಳಲ್ಲಿ ಇಳುವರಿ ಕಡಿಮೆ. ಆದರೆ ಹೊರಗಿನಿಂದ ತಂದು ಹಾಕುವ ಮೇವಿಲ್ಲ, ಉಪ್ಪುನೀರು ವರ್ಷವಿಡೀ ನಿಲ್ಲುವುದಿಲ್ಲ. ಮುಂದೆ ನಡೆದ ಅಧ್ಯಯನಗಳೆಲ್ಲ ಅಳೆದದ್ದು ಈ ಎರಡು ಮಿತಿಗಳನ್ನು ಮೀರಿದಾಗ ಏನಾಗುತ್ತದೆ ಎಂಬುದನ್ನೇ.

ತೈವಾನ್ ಕಲಿಸಿದ ಪಾಠ

ಜಪಾನಿನ ಮೊತೊಸಾಕು ಫುಜಿನಾಗಾ 1930ರ ದಶಕದಲ್ಲಿ ಕುರುಮಾ ಸಿಗಡಿಯ ಮೊಟ್ಟೆಯಿಂದ ಮರಿ ಮಾಡಿಸುವ ದಾರಿ ಕಂಡುಕೊಂಡರು. 1968ರಲ್ಲಿ ತೈವಾನಿನ ಐ-ಚಿಯು ಲಿಯಾವ್ ಹುಲಿ ಸಿಗಡಿಯಲ್ಲಿ ಅದನ್ನೇ ಸಾಧಿಸಿದರು. ಉಬ್ಬರ ತಂದಷ್ಟೇ ಮರಿ ಎಂಬ ಮಿತಿ ಅಲ್ಲಿಗೆ ಮುಗಿಯಿತು. ಕಾರ್ಖಾನೆಯ ಮೇವು, ಗಾಳಿ ಬೆರೆಸುವ ಯಂತ್ರ, ದಿನದಿನವೂ ನೀರು ಬದಲಾವಣೆ ಸೇರಿ ದಟ್ಟ ಕೃಷಿ ಹುಟ್ಟಿತು. ಆ ಕಾಲದ ಸಂಶೋಧನೆಗೆ ಇದ್ದ ಚಿಂತೆ ಸಿಗಡಿಯದು: ಆಮ್ಲಜನಕ ಎಷ್ಟಿರಬೇಕು, ಅಮೋನಿಯಾ ಎಷ್ಟು ಮೀರಬಾರದು, ಲವಣಾಂಶ ಎಷ್ಟಿದ್ದರೆ ಬೆಳವಣಿಗೆ ಚೆನ್ನ.

ಒಳ್ಳೆಯ ಬೆಳವಣಿಗೆಗೆಂದು ಸಮುದ್ರದ ನೀರನ್ನು ಸಿಹಿನೀರಿನಿಂದ ತೆಳುಮಾಡುತ್ತಿದ್ದರು. ಆ ಸಿಹಿನೀರು ಬಂದದ್ದು ಕೊಳವೆಬಾವಿಗಳಿಂದ. ದಕ್ಷಿಣ ತೈವಾನಿನ ಪಿಂಗ್‌ಟುಂಗ್ ಕರಾವಳಿಯಲ್ಲಿ ಸಿಗಡಿ ಮತ್ತು ಹಾವುಮೀನಿನ ಕೊಳಗಳಿಗಾಗಿ ಎತ್ತಿದ ಅಂತರ್ಜಲದಿಂದ ನೆಲವೇ ಕುಸಿಯಿತು, ಖಾಲಿಯಾದ ಜಲಪದರಕ್ಕೆ ಸಮುದ್ರ ನುಗ್ಗಿತು. 1987-88ರಲ್ಲಿ ರೋಗ ಬಂದು ತೈವಾನಿನ ಉತ್ಪಾದನೆ ಒಂದೇ ವರ್ಷದಲ್ಲಿ ಮೂರನೇ ಒಂದರಷ್ಟಕ್ಕೆ ಇಳಿಯಿತು. ಕೊಳದ ಒಳಗಿನದನ್ನಷ್ಟೇ ಅಳೆದರೆ ಕೊಳವೂ ಉಳಿಯುವುದಿಲ್ಲ ಎಂಬುದಕ್ಕೆ ಇದು ಮೊದಲ ದೊಡ್ಡ ಪುರಾವೆ.

ಸಾರಜನಕದ ಖಾತೆ

1990ರ ದಶಕದಲ್ಲಿ ಪ್ರಶ್ನೆ ತಿರುಗಿತು. ಫಿಲಿಪೈನ್ಸ್‌ನ ಯುರ್ಗೆನ್ ಪ್ರಿಮವೇರಾ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳು ಕೊಳಗಳಾಗಿ ಮಾರ್ಪಟ್ಟ ಬಗೆಯನ್ನು ದಾಖಲಿಸಿದರು. ಈಕ್ವೆಡಾರ್, ಥಾಯ್ಲೆಂಡ್‌ನಿಂದಲೂ ಇಂಥದೇ ವರದಿಗಳು ಬಂದವು. ಕಾಡು ಹೋದದ್ದು ಕಣ್ಣಿಗೆ ಕಾಣುತ್ತದೆ. ನೀರಿನಲ್ಲಿ ಕರಗಿ ಹೋದದ್ದು ಕಾಣುವುದಿಲ್ಲ. ಅದನ್ನು ಕಾಣಿಸಿದ್ದು ಪೋಷಕಾಂಶಗಳ ಜಮಾಖರ್ಚು.

ಬ್ರಿಗ್ಸ್ ಮತ್ತು ಫಂಜ್-ಸ್ಮಿತ್ 1994ರಲ್ಲಿ ಥಾಯ್ಲೆಂಡಿನ ದಟ್ಟ ಕೊಳಗಳ ಲೆಕ್ಕ ಪ್ರಕಟಿಸಿದರು. ಕೊಳಕ್ಕೆ ಬಿದ್ದ ಸಾರಜನಕದಲ್ಲಿ ಸುಮಾರು 24 ಶೇಕಡಾ, ರಂಜಕದಲ್ಲಿ 13 ಶೇಕಡಾ ಮಾತ್ರ ಸಿಗಡಿಯ ಮೈಗೆ ಸೇರಿ ಕೊಯ್ಲಿನಲ್ಲಿ ಹೊರಬಂದಿತ್ತು. ಉಳಿದ ಸಾರಜನಕ ಹೊರಬಿಟ್ಟ ನೀರಿಗೂ ತಳದ ಕೆಸರಿಗೂ ಹಂಚಿಹೋಗಿತ್ತು. ರಂಜಕದಲ್ಲಿ ಹತ್ತಿರಹತ್ತಿರ 84 ಶೇಕಡಾ ಕೆಸರಿನಲ್ಲಿ ಕೂತಿತ್ತು. ಮರುವರ್ಷ ರಾಬರ್ಟ್‌ಸನ್ ಮತ್ತು ಫಿಲಿಪ್ಸ್ ಈ ಹೊರೆಯನ್ನು ಕಾಡಿನ ಅಳತೆಗೆ ತಿರುಗಿಸಿದರು. ಒಂದು ಹೆಕ್ಟೇರ್ ಕೊಳದ ಸಾರಜನಕ, ರಂಜಕವನ್ನು ಹೀರಿಕೊಳ್ಳಲು ಕೃಷಿಯ ದಟ್ಟಣೆಗೆ ತಕ್ಕಂತೆ 2ರಿಂದ 22 ಹೆಕ್ಟೇರ್ ಕಾಂಡ್ಲಾ ಬೇಕು ಎಂದು ಅವರ ಅಂದಾಜು. ಕಾಂಡ್ಲಾ ಕಡಿದು ಕೊಳ ಮಾಡಿದವರು ಕೊಳೆ ತೊಳೆಯುವ ವ್ಯವಸ್ಥೆಯನ್ನೂ ಕಡಿದುಹಾಕಿದ್ದರು.

ಮಣ್ಣಿನ ಸರದಿ

ಮಣ್ಣಿನ ಕಥೆಯಲ್ಲಿ ಎರಡು ಎಳೆಗಳಿವೆ: ಒಂದು ಆಮ್ಲದ್ದು, ಇನ್ನೊಂದು ಉಪ್ಪಿನದು.

ಕಾಂಡ್ಲಾ ನೆಲದ ಜೌಗಿನಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಸಂಯುಕ್ತ ಇರುತ್ತದೆ. ನೀರಿನಡಿ ಇರುವಷ್ಟು ದಿನ ಅದು ನಿರುಪದ್ರವಿ. ಕೊಳ ತೋಡಿ ಮಣ್ಣನ್ನು ಒಡ್ಡಿಗೆ ಏರಿಸಿದಾಗ ಗಾಳಿ ತಾಗಿ ಗಂಧಕಾಮ್ಲವಾಗುತ್ತದೆ. ಮಣ್ಣಿನ ಪಿಎಚ್ 4ಕ್ಕಿಂತ ಕೆಳಗಿಳಿದು ಅಲ್ಯುಮಿನಿಯಂ, ಕಬ್ಬಿಣ ಕರಗಿ ಹೊರಬೀಳುತ್ತವೆ; ಮೊದಲ ಮಳೆಗೆ ಒಡ್ಡಿನಿಂದ ಇಳಿದ ನೀರು ಸಿಗಡಿಯನ್ನೇ ಕೊಲ್ಲಬಹುದು. ಕಾಂಡ್ಲಾ ಕಡಿದು ಮಾಡಿದ ಎಷ್ಟೋ ಕೊಳಗಳು ಕೆಲವೇ ವರ್ಷಗಳಲ್ಲಿ ಪಾಳುಬಿದ್ದುದಕ್ಕೆ ಇದೂ ಒಂದು ಕಾರಣ. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ಕ್ಲಾಡ್ ಬಾಯ್ಡ್ 1995ರಲ್ಲಿ ಕೊಳದ ತಳದ ಮಣ್ಣಿನ ಬಗ್ಗೆಯೇ ಪುಸ್ತಕ ಬರೆದ ಮೇಲೆ ಈ ವಿಷಯಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿತು. ಆದರೂ ಅಲ್ಲಿನ ಮುಖ್ಯ ಪ್ರಶ್ನೆ ಕೊಳವನ್ನು ಹೇಗೆ ಉಳಿಸಿಕೊಳ್ಳುವುದು ಎಂಬುದೇ.

ಉಪ್ಪಿನ ಎಳೆ ಈ ಪ್ರಶ್ನೆಯನ್ನು ಒಡ್ಡು ದಾಟಿಸಿತು. ಥಾಯ್ಲೆಂಡಿನ ರೈತರು ಉಪ್ಪಿನ ಗದ್ದೆಗಳಿಂದ ಲಾರಿಯಲ್ಲಿ ಗಟ್ಟಿ ಉಪ್ಪುನೀರು ತಂದು, ಸಮುದ್ರದಿಂದ ಬಲುದೂರದ ಭತ್ತದ ಬಯಲಿನಲ್ಲೂ ಸಿಗಡಿ ಬೆಳೆಯತೊಡಗಿದ್ದರು. 1998ರಲ್ಲಿ ಅಲ್ಲಿನ ಸರ್ಕಾರ ಸಿಹಿನೀರಿನ ಪ್ರದೇಶಗಳಲ್ಲಿ ಇದನ್ನು ನಿಷೇಧಿಸಿತು. ಇಂಥ ಕೊಳಗಳ ಉಪ್ಪಿನ ಜಮಾಖರ್ಚು ಮಾಡಿದ ಬ್ರಾಟನ್ ಮತ್ತು ಫ್ಲಹರ್ಟಿ, ನೀರು ಹೊರಬಿಡುವಾಗ ಮಾತ್ರವಲ್ಲ, ಒಡ್ಡಿನಡಿಯ ಸೋರಿಕೆಯಿಂದಲೂ ಉಪ್ಪು ಸುತ್ತಲ ನೆಲ, ನೀರಿಗೆ ಸೇರುತ್ತದೆಂದು 2001ರಲ್ಲಿ ತೋರಿಸಿದರು. ಪಕ್ಕದ ಗದ್ದೆಗೆ ತಲುಪಿದ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಸಿಹಾಕುತ್ತದೆ. ಮಣ್ಣು ಒದ್ದೆಯಾದಾಗ ರಾಡಿ, ಒಣಗಿದಾಗ ಗಟ್ಟಿ. ನೀರು ಕೆಳಗಿಳಿಯದ ಅಂಥ ಮಣ್ಣಿನಲ್ಲಿ ಮಳೆ ಬಂದರೂ ಉಪ್ಪು ತೊಳೆದುಹೋಗುವುದು ಕಷ್ಟ.

ಈ ಬದಲಾವಣೆಯನ್ನು ಊರಿನ ಮಟ್ಟದಲ್ಲಿ, ವರ್ಷಗಳ ಉದ್ದಕ್ಕೂ ಅಳೆದವರು ಅಬು ಮುಹಮ್ಮದ್ ಶಜಾತ್ ಅಲಿ. ಬಾಂಗ್ಲಾದೇಶದ ಸಾತ್‌ಖೀರಾ ಜಿಲ್ಲೆಯ ದಮರ್‌ಪೋಟಾ ಗ್ರಾಮದ 1985 ಮತ್ತು 2003ರ ಸ್ಥಿತಿಯನ್ನು ಹೋಲಿಸಿ 2006ರಲ್ಲಿ ಅವರು ಪ್ರಕಟಿಸಿದ ಅಧ್ಯಯನ, ಸಿಗಡಿ ಬಂದ ಮೇಲೆ ಮಣ್ಣಿನ ಲವಣಾಂಶ, ಆಮ್ಲೀಯತೆ ಏರಿದ್ದನ್ನೂ ಊರಿನ ಭತ್ತದ ಉತ್ಪಾದನೆ ಸುಮಾರು 69 ಶೇಕಡಾ ಕುಸಿದಿದ್ದನ್ನೂ ದಾಖಲಿಸಿತು. ನಷ್ಟಕ್ಕೆ ಕಾರಣ ಗದ್ದೆ ಕೊಳವಾದದ್ದು ಮಾತ್ರವಲ್ಲ. ಉಳಿದ ಗದ್ದೆಗಳ ಮಣ್ಣೂ ಕೆಟ್ಟಿತ್ತು.

ನ್ಯಾಯಾಲಯದ ಅಂಗಳದಲ್ಲಿ

ಭಾರತದಲ್ಲಿ ಈ ದೂರು ಪ್ರಯೋಗಾಲಯಕ್ಕಿಂತ ಮೊದಲು ಹಳ್ಳಿಗಳಲ್ಲಿ ಎದ್ದಿತು. 1990ರ ದಶಕದ ಆರಂಭದಲ್ಲಿ ನೆಲ್ಲೂರು, ನಾಗಪಟ್ಟಿಣಂ ಕಡೆ ಕಂಪನಿಗಳು ದೊಡ್ಡ ಕೊಳಗಳನ್ನು ತೋಡಿದಾಗ ಬಾವಿ ಉಪ್ಪಾಯಿತು, ಗದ್ದೆ ಹಾಳಾಯಿತು, ಕಡಲಿಗೆ ಹೋಗುವ ದಾರಿ ಮುಚ್ಚಿತು ಎಂಬ ದೂರುಗಳು ಬಂದವು. ಗಾಂಧಿವಾದಿ ಎಸ್. ಜಗನ್ನಾಥನ್ 1994ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟಿನ ಸೂಚನೆಯಂತೆ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ಸ್ಥಳ ಪರಿಶೀಲಿಸಿ, ಆಂಧ್ರ ಮತ್ತು ತಮಿಳುನಾಡಿನಲ್ಲಿ ಸಿಗಡಿ ಕೃಷಿಯ ಗಳಿಕೆಗಿಂತ ಅದು ಮಾಡುವ ಹಾನಿಯೇ ಹೆಚ್ಚು ಎಂದು ಲೆಕ್ಕ ಹಾಕಿತು. 1996ರ ಡಿಸೆಂಬರ್ 11ರ ತೀರ್ಪು ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿಗಳನ್ನು ಬಿಟ್ಟು ಉಳಿದ ಸಿಗಡಿ ಕೊಳಗಳನ್ನು ತೆಗೆಯಲು ಹೇಳಿತು. ಕೃಷಿಭೂಮಿ, ಉಪ್ಪಿನ ಗದ್ದೆ, ಕಾಂಡ್ಲಾ, ಊರ ಗೋಮಾಳಗಳನ್ನು ಕೊಳ ಮಾಡಬಾರದೆಂದೂ ವಿಧಿಸಿತು.

ತೀರ್ಪು ಪೂರ್ತಿ ಜಾರಿಯಾಗಲಿಲ್ಲ. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಉದ್ಯಮವನ್ನು ನೋಂದಣಿಯ ಚೌಕಟ್ಟಿಗೆ ತಂದು, ಉಬ್ಬರ ರೇಖೆಯಿಂದ 200 ಮೀಟರ್ ಒಳಗೆ ಹೊಸ ಕೊಳಗಳನ್ನು ತಡೆಯಿತು. 5 ಹೆಕ್ಟೇರ್‌ಗಿಂತ ದೊಡ್ಡ ಕೃಷಿಗೆ ತ್ಯಾಜ್ಯನೀರು ಸಂಸ್ಕರಣೆ ಕಡ್ಡಾಯವಾಯಿತು. ಆದರೆ ನಮ್ಮ ಸಿಗಡಿ ಕೃಷಿಕರಲ್ಲಿ ಬಹುಪಾಲು ಜನರದು 2 ಹೆಕ್ಟೇರ್‌ಗಿಂತ ಕಡಿಮೆ. ಒಂದೇ ಕಾಲುವೆಗೆ ನೀರು ಬಿಡುವ ನೂರು ಸಣ್ಣ ಕೊಳಗಳ ಒಟ್ಟು ಹೊರೆ ಈ ನಿಯಮದ ಬಲೆಗೆ ಬೀಳಲಿಲ್ಲ.

ವೈರಸ್ ಮಾಡಿಸಿದ ಸುಧಾರಣೆ

ನೀರಿನ ಬಳಕೆಯನ್ನು ನಿಜವಾಗಿ ಬದಲಿಸಿದ್ದು ಕಾನೂನಿಗಿಂತ ಹೆಚ್ಚಾಗಿ ಬಿಳಿಚುಕ್ಕೆ ರೋಗ. 1990ರ ದಶಕದ ಆರಂಭದಲ್ಲಿ ಪೂರ್ವ ಏಷ್ಯಾದಲ್ಲಿ ಕಾಣಿಸಿಕೊಂಡ ಈ ವೈರಸ್ 1994ರ ಸುಮಾರಿಗೆ ನಮ್ಮ ಪೂರ್ವ ಕರಾವಳಿಯನ್ನೂ ಮುಟ್ಟಿತು. ಒಬ್ಬ ಹೊರಬಿಟ್ಟ ನೀರನ್ನೇ ಇನ್ನೊಬ್ಬ ಒಳಗೆ ಎಳೆದುಕೊಳ್ಳುತ್ತಿದ್ದ ಕಾಲುವೆಗಳಲ್ಲಿ ಅದು ಸಲೀಸಾಗಿ ಹರಡಿತು. ಪರಿಸರವಾದಿಗಳು ಮಾಲಿನ್ಯ ಎಂದದ್ದನ್ನು ಕೃಷಿಕರು ಸೋಂಕಿನ ದಾರಿ ಎಂದು ಗುರುತಿಸಿದರು.

ಅಷ್ಟರಲ್ಲಿ ವಿಜ್ಞಾನ ಬೇರೆ ದಾರಿ ತೋರಿಸಿತ್ತು. ನೀರು ಬದಲಾವಣೆಯನ್ನು ಬಹಳ ಕಡಿಮೆ ಮಾಡಿದರೂ ಇಳುವರಿ ಕೆಡುವುದಿಲ್ಲ ಎಂದು ಅಮೆರಿಕದ ಸೌತ್ ಕೆರೊಲಿನಾದಲ್ಲಿ ಹಾಪ್ಕಿನ್ಸ್ ತಂಡ 1993ರಲ್ಲೇ ತೋರಿಸಿತ್ತು. ಕೊಳಕ್ಕೆ ಬೆಲ್ಲದ ಪಾಕ, ಹಿಟ್ಟಿನಂಥ ಇಂಗಾಲದ ಮೂಲ ಸೇರಿಸಿದರೆ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಹೀರಿ ಬೆಳೆಯುತ್ತವೆ ಎಂಬ ಇಸ್ರೇಲಿನ ಯೊರಾಮ್ ಅವ್ನಿಮೆಲೆಕ್ ಅವರ 1999ರ ಲೇಖನ ಬಯೋಫ್ಲಾಕ್ ಪದ್ಧತಿಗೆ ಬುನಾದಿ ಹಾಕಿತು. ಭಾರತದಲ್ಲಿ 2009ರಿಂದ ವೆನಾಮಿ ಎಂಬ ಸಿಗಡಿ ಪ್ರಭೇದಕ್ಕೆ ಅನುಮತಿ ಸಿಕ್ಕಿ, ಚದರ ಮೀಟರಿಗೆ 60 ಮರಿಗಳವರೆಗೆ ಬಿಡುವ ದಟ್ಟ ಕೃಷಿ ಬಂದದ್ದು ಕಡಿಮೆ ನೀರು ಬದಲಿಸುವ ಈ ಕಾಲದಲ್ಲೇ.

ಅಳಿವೆಗೆ ಇದರಿಂದ ಲಾಭವಿದೆ. ಆದರೆ ಹೊರಹೋಗದ ಕೊಳೆ ಮಾಯವಾಗುವುದಿಲ್ಲ. ಒಂದು ಪಾಲು ಅನಿಲವಾಗಿ ಹೋಗುತ್ತದೆ; ರಂಜಕ ಮತ್ತು ಉಪ್ಪು ಹೀಗೆ ಆರಿಹೋಗುವ ವಸ್ತುಗಳಲ್ಲ, ಅವು ಕೆಸರಲ್ಲಿ ನಿಲ್ಲುತ್ತವೆ, ಇಲ್ಲವೇ ಕೊಯ್ಲಿನ ದಿನ ಒಮ್ಮೆಲೇ ಹೊರಬೀಳುತ್ತವೆ. ವಿಯೆಟ್ನಾಂನ ಕಾಂಡ್ಲಾ ಪ್ರದೇಶದ ಕೊಳಗಳಲ್ಲಿ ನೀರು ಮತ್ತು ಕೆಸರು ಎರಡರಲ್ಲೂ ಆ್ಯಂಟಿಬಯೋಟಿಕ್ ಉಳಿಕೆ ಸಿಕ್ಕಿದ್ದನ್ನು 2004ರ ಅಧ್ಯಯನವೊಂದು ವರದಿ ಮಾಡಿತು. ಸಮಸ್ಯೆ ನೀರಿನಿಂದ ಮಣ್ಣಿನತ್ತ ಸರಿದಿದೆ ಎನ್ನುವುದು ಹೆಚ್ಚು ಸರಿ.

ಇನ್ನು ಅಳೆಯಬೇಕಾದದ್ದು

ಕಾಂಡ್ಲಾ ನಾಶದ ಚಿತ್ರವೂ ಬದಲಾಗಿದೆ. ರಿಚರ್ಡ್ಸ್ ಮತ್ತು ಫ್ರೀಸ್ 2016ರಲ್ಲಿ ಪ್ರಕಟಿಸಿದ ಉಪಗ್ರಹ ಅಧ್ಯಯನದಂತೆ, 2000ರಿಂದ 2012ರವರೆಗೆ ಆಗ್ನೇಯ ಏಷ್ಯಾದಲ್ಲಿ ಕಳೆದುಹೋದ ಕಾಂಡ್ಲಾದಲ್ಲಿ ಜಲಕೃಷಿಯ ಪಾಲು ಸುಮಾರು 30 ಶೇಕಡಾ. ಭತ್ತ, ಎಣ್ಣೆತಾಳೆಗಳೂ ದೊಡ್ಡ ಪಾಲು ಪಡೆದಿವೆ. ಸಿಗಡಿಯೊಂದೇ ಅಪರಾಧಿ ಎಂಬ ಹಳೆಯ ಮಾತು ಈಗ ಸಲ್ಲದು. ಪಾಳುಬಿದ್ದ ಕೊಳಗಳ ಒಡ್ಡು ಒಡೆದು ಉಬ್ಬರದ ನೀರಿಗೆ ದಾರಿ ಕೊಟ್ಟರೆ ಕಾಂಡ್ಲಾ ತಾನಾಗಿ ಮರಳಬಲ್ಲದು ಎಂಬುದನ್ನು ರಾಬಿನ್ ಲೂಯಿಸ್‌ರಂಥವರ ಕೆಲಸ ತೋರಿಸಿದೆ. ಇತ್ತ ಹರಿಯಾಣ, ಪಂಜಾಬಿನ ಉಪ್ಪು ಅಂತರ್ಜಲದ ಜಮೀನಿಗೆ ಸಿಗಡಿ ಹೊಸ ಬೆಳೆಯಾಗಿ ಬಂದಿದೆ. ಬಳಸಿದ ಉಪ್ಪುನೀರನ್ನು ಒಯ್ಯಲು ಅಲ್ಲಿ ಸಮುದ್ರವಿಲ್ಲ. ಥಾಯ್ಲೆಂಡಿನ ಬಯಲು ಎದುರಿಸಿದ ಪ್ರಶ್ನೆಯೇ ಅಲ್ಲೂ ಎದುರಾಗುತ್ತದೆ.

ಇಷ್ಟು ವರ್ಷಗಳ ಅಧ್ಯಯನದಿಂದ ಹೊರಡುವ ತೀರ್ಮಾನ ಒಂದೇ: ಕೊಳದ ತೂಬಿನ ಬಳಿ ನಿಂತು ನೀರಿನ ಮಾದರಿ ತೆಗೆದರೆ ಸಾಲದು. ಕೊಳ ತೋಡುವ ಮುನ್ನ ಆ ಜಮೀನಿನ, ಪಕ್ಕದ ಗದ್ದೆಯ ಮಣ್ಣಿನ ಲವಣಾಂಶ, ಪಿಎಚ್ ದಾಖಲಾಗಬೇಕು. ಹತ್ತಿರದ ಬಾವಿಯ ನೀರು ವರ್ಷವರ್ಷವೂ ಪರೀಕ್ಷೆಗೆ ಹೋಗಬೇಕು. ತೆಗೆದ ಕೆಸರು ಎಲ್ಲಿಗೆ ಹೋಯಿತೆಂಬ ಲೆಕ್ಕ ಇರಬೇಕು. ಅನುಮತಿಯನ್ನು ಒಂದೊಂದು ಕೊಳಕ್ಕಲ್ಲ, ಆ ಕಾಲುವೆ ಅಥವಾ ಅಳಿವೆ ತಾಳುವ ಒಟ್ಟು ಹೊರೆಗೆ ಕಟ್ಟಬೇಕು. ಮೊದಲಿನ ಮಣ್ಣು ಹೇಗಿತ್ತೆಂಬ ದಾಖಲೆಯಿಲ್ಲದೆ ಗದ್ದೆ ಕೆಟ್ಟಿತೆಂದು ಸಾಬೀತು ಮಾಡುವ ಹೊಣೆ ಪಕ್ಕದ ರೈತನ ತಲೆಗೆ ಬೀಳುತ್ತದೆ, ಕೊಳದ ಮಾಲೀಕನಿಗೂ ತಾನು ಕೆಡಿಸಲಿಲ್ಲವೆಂದು ತೋರಿಸಲು ಆಧಾರವಿರುವುದಿಲ್ಲ. ಅಂಥ ದಾಖಲೆಗೆ ಬೇಕಾದ ಉಪಕರಣ ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ಈಗಲೇ ಇದೆ. ಪರವಾನಗಿಯ ಷರತ್ತಿನಲ್ಲಿ ಅದಕ್ಕೊಂದು ಸಾಲು ಸೇರಬೇಕು.