ಅವರೆ ಬಳ್ಳಿ, ಬೂದಿಗುಡ್ಡ ಮತ್ತು ಒಂದು ಬೀದಿದೀಪ

ಇಲ್ಲಿ ಏನಾದರೂ ಬರೆದು ಬಹಳ ದಿನ ಆಯ್ತು. ಕೆಲಸದ ಒತ್ತಡ ಅಂತ ಎಲ್ಲರೂ ಹೇಳುವ ಸುಳ್ಳನ್ನು ನಾನೂ ಹೇಳಬಹುದಿತ್ತು. ನಿಜ ಏನಂದ್ರೆ, ಏಳೆಂಟು ತಿಂಗಳಿಂದ ನನ್ನ ತಲೆ ತಿಂದದ್ದು ಆಫೀಸಿನ ಪ್ರಾಜೆಕ್ಟ್ ಅಲ್ಲ, ಒಂದು ಅವರೆ ಬಳ್ಳಿ. ನಗಬೇಡಿ :)

ನಮ್ಮೂರು ಹೊಸಪೇಟೆ. ಅಜ್ಜಿಯ ತವರು ಕಂಪ್ಲಿ. ಮದುವೆಯಾಗಿ ಬರುವಾಗ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಅವರೆ ಬೀಜ ತಂದಿದ್ದಳಂತೆ. ಆಗಿನಿಂದ ನಮ್ಮ ಹಿತ್ತಲಲ್ಲಿ ಪ್ರತಿ ವರ್ಷ ಒಂದು ಚಪ್ಪರ. ನೇರಳೆ ಹೂವು, ನೇರಳೆ ಅಂಚಿನ ಚಪ್ಪಟೆ ಕಾಯಿ, ಒಳಗೆ ಕಪ್ಪು ಬೀಜ, ಬೀಜದ ನೆತ್ತಿಯ ಮೇಲೆ ಬಿಳಿ ಗೆರೆ. ಅಂಗಡಿಯಲ್ಲಿ ಸಿಗುವ ಅವರೆ ಇದಲ್ಲ. ಎರಡು ವರ್ಷದ ಹಿಂದೆ ಮನೆ ಪಾಲಾಯಿತು, ಹಿತ್ತಲಿಗೆ ಸಿಮೆಂಟ್ ಬಿತ್ತು, ಈಗ ಅಲ್ಲಿ ಕಾರು ನಿಲ್ಲುತ್ತದೆ. ಯಾರದೂ ತಪ್ಪಿಲ್ಲ. ಕಳೆದ ಬೇಸಿಗೆಯಲ್ಲಿ ಅಜ್ಜಿ ಅಡುಗೆಮನೆ ಅಟ್ಟದಿಂದ ಒಂದು ಹಾರ್ಲಿಕ್ಸ್ ಡಬ್ಬಿ ಇಳಿಸಿ ಕೊಟ್ಟಳು. ಒಳಗೆ ಒಲೆ ಬೂದಿ, ಬೂದಿಯೊಳಗೆ ಬೀಜ. ಎಣಿಸಿದೆ. ಹನ್ನೊಂದು.

ಬೆಂಗಳೂರಿಗೆ ತಂದು ಜುಲೈಯಲ್ಲಿ ಎಂಟು ಬಿತ್ತಿದೆ, ಮೂರನ್ನು 'ಬ್ಯಾಕಪ್' ಇಟ್ಟುಕೊಂಡೆ. ಐದು ಮೊಳೆತವು. ಒಂದನ್ನು ಪಾರಿವಾಳ ಕಿತ್ತುಹಾಕಿತು. ಉಳಿದ ನಾಲ್ಕು ಬಳ್ಳಿ ಮೂರನೇ ಮಹಡಿಯ ಬಾಲ್ಕನಿ ಗ್ರಿಲ್ ತುಂಬಾ ಹಬ್ಬಿದವು. ದಸರಾ ಹೋಯ್ತು, ದೀಪಾವಳಿ ಹೋಯ್ತು, ಡಿಸೆಂಬರ್ ಅರ್ಧ ಹೋಯ್ತು. ಒಂದು ಹೂವಿಲ್ಲ! ಬರೀ ಎಲೆ. ಇನ್ನೇನು ಗತಿ ಅಂತ ಗೊಬ್ಬರ ಸುರಿದೆ. ಇನ್ನಷ್ಟು ಎಲೆ ಬಂತು...

ವರ್ಷದ ಕೊನೆಯ ರಜೆಗೆ ಊರಿಗೆ ಹೋದಾಗ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ಅಜ್ಜಿಯ ಆ ಬೂದಿ ಡಬ್ಬಿ ನೋಡಿದಾಗಲೇ ನನಗೆ ನಿಂಬಾಪುರ ನೆನಪಾದದ್ದು.

ಹಂಪಿಗೆ ಹೋದವರೆಲ್ಲ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಅಲ್ಲಿಂದ ದೂರವೇನಿಲ್ಲದ ನಿಂಬಾಪುರದಲ್ಲಿ ಒಂದು ಬೂದಿಗುಡ್ಡ ಇದೆ. ಗಿಡಗಂಟಿ ಬೆಳೆದ ಸಾಧಾರಣ ದಿಬ್ಬ. ಊರವರ ನಂಬಿಕೆಯಲ್ಲಿ ಅದು ವಾಲಿಯನ್ನು ಸುಟ್ಟ ಜಾಗ. ಕಿಷ್ಕಿಂಧೆಯಲ್ಲಿ ಇದ್ದ ಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ! ಇಂಥ ಬೂದಿಗುಡ್ಡಗಳು ನಮ್ಮ ಸೀಮೆಯಲ್ಲಿ ಬಹಳ. ಬಳ್ಳಾರಿ ರಸ್ತೆಯ ಕುಡತಿನಿಯದ್ದು ಇನ್ನೂ ದೊಡ್ಡದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಬಳ್ಳಾರಿ ಸುತ್ತ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಹೆಕ್ಕಿ, ಈ ಬೂದಿಗೂ ಆ ಕೊಡಲಿಯ ಜನಕ್ಕೂ ಸಂಬಂಧ ಇದೆ ಅಂದಿದ್ದರು. 1957ರಲ್ಲಿ ಎಫ್. ಆರ್. ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನ ಬೂದಿಗುಡ್ಡ ಅಗೆದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ದನದೊಡ್ಡಿಗಳಲ್ಲಿ ಸಗಣಿ ರಾಶಿ ಬಿದ್ದು, ಅದನ್ನು ಮತ್ತೆ ಮತ್ತೆ ಸುಟ್ಟು ಸುಟ್ಟು ಗುಡ್ಡವಾಗಿತ್ತು. ನಾಲ್ಕೈದು ಸಾವಿರ ವರ್ಷ ಹಿಂದಿನ ನವಶಿಲಾಯುಗದ ಮಾತು.

ದನ ಸಾಕಿದವರು ಏನು ತಿನ್ನುತ್ತಿದ್ದರು? ಬಹಳ ಕಾಲ ಇದಕ್ಕೆ ಅಂದಾಜಿನ ಉತ್ತರವಷ್ಟೇ ಇತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಲಂಡನ್ನಿನ ಡೋರಿಯನ್ ಫುಲ್ಲರ್ 1990ರ ದಶಕದ ಕೊನೆಯಿಂದ ಬಳ್ಳಾರಿ ಪಕ್ಕದ ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡು, ಆ ಕಡೆ ಹಾವೇರಿ ಜಿಲ್ಲೆಯ ಹಳ್ಳೂರು ಮುಂತಾದ ಕಡೆ ಒಂದು ಸರಳ ಕೆಲಸ ಮಾಡಿದರು. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕುವುದು. ಮಣ್ಣು ತಳಕ್ಕೆ, ಇದ್ದಿಲಾದ ಕಾಳು ಮೇಲಕ್ಕೆ. ತೇಲಿದ್ದನ್ನು ಜರಡಿಯಲ್ಲಿ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಷ್ಟೆ.

ಹಾಗೆ ತೇಲಿ ಬಂದದ್ದು ಮುಖ್ಯವಾಗಿ ನಾಲ್ಕು: ಕೊರಲೆ ಜಾತಿಯ ಎರಡು ಪುಟ್ಟ ಸಿರಿಧಾನ್ಯ, ಹುರುಳಿ ಮತ್ತು ಹೆಸರು. ಇವು ಈ ನೆಲದವೇ. ಮೇಲಿನ ಪದರಗಳಲ್ಲಿ, ಅಂದರೆ ಸುಮಾರು ಕ್ರಿ.ಪೂ. 1500ರ ಆಚೀಚೆಯ ಕಾಲದಲ್ಲಿ, ಹೊಸಬನೊಬ್ಬ ಕಾಣಿಸುತ್ತಾನೆ. ಅವರೆ!

ಹೌದು, ಹೊಸಬ. ಅವರೆಯ ಕಾಡು ಪೂರ್ವಜರು ಇರುವುದು ಆಫ್ರಿಕಾದಲ್ಲಿ. ರಾಗಿ, ಸಜ್ಜೆ, ಜೋಳ ಕೂಡ ಆ ಕಡೆಯವೇ. ಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ ಹಾಕಿದ ಅವರೆ ಜೋಳದ ದಂಟಿಗೇ ಸುತ್ತಿಕೊಂಡು ಹತ್ತುವುದನ್ನು ನೀವು ನೋಡಿರಬಹುದು. ನಾವು 'ನಮ್ಮ ಮಣ್ಣಿನ ಬೆಳೆ' ಅನ್ನುವ ಆ ಚಿತ್ರದಲ್ಲಿ ಏರುವುದೂ ಆಫ್ರಿಕಾ, ಏರಿಸಿಕೊಳ್ಳುವುದೂ ಆಫ್ರಿಕಾ. ತಮಿಳಿನಲ್ಲಿ ಅವರೈ, ಮಲಯಾಳದಲ್ಲಿ ಅವರ, ನಮ್ಮಲ್ಲಿ ಅವರೆ. ಬಂದವನಿಗೆ ಇಲ್ಲಿನ ಹೆಸರು ಕೊಟ್ಟು ಮನೆಯವನನ್ನಾಗಿ ಮಾಡಿಕೊಂಡಿದ್ದೇವೆ.

ಇದನ್ನು ಓದುವಾಗ ನನಗೆ ತಟ್ಟಿದ್ದು ಬೇರೆಯೇ. ಆ ಕಾಳುಗಳು ನಮಗೆ ಸಿಕ್ಕಿದ್ದು ಅವು ಸುಟ್ಟುಹೋದದ್ದರಿಂದ. ಚೆನ್ನಾಗಿ ಬೇಯಿಸಿ ತಿಂದ ಕಾಳು ಉಳಿಯುವುದಿಲ್ಲ. ಬಿತ್ತಿದ ಕಾಳೂ ಉಳಿಯುವುದಿಲ್ಲ, ಅದು ಗಿಡವಾಗುತ್ತದೆ. ಒಲೆಗೆ ಚೆಲ್ಲಿದ್ದು, ತಳ ಹತ್ತಿ ಕರಕಲಾದದ್ದು ಮಾತ್ರ ಮೂರೂವರೆ ಸಾವಿರ ವರ್ಷ ಮಣ್ಣಲ್ಲಿ ಕೂತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ರೋಗ್ರಾಮ್ ಸರಿಯಾಗಿ ಓಡಿದ್ದಕ್ಕೆ ಲಾಗ್ ಇಲ್ಲ, ಎರರ್‌ಗಳಿಗೆ ಮಾತ್ರ ಇದೆ. ಪ್ರತಿ ವರ್ಷ ಒಂದು ಹಿಡಿ ಬೀಜ ತಿನ್ನದೆ ಎತ್ತಿಟ್ಟವರ ಲೆಕ್ಕ ಯಾವ ಪದರದಲ್ಲೂ ಇಲ್ಲ.

ಶಾಸನಗಳಲ್ಲಿ ಹುಡುಕೋಣ ಅಂದ್ರೆ ಅಲ್ಲಿ ನೀರಾವರಿ ಗದ್ದೆಯದ್ದೇ ದರ್ಬಾರು. ವಿಜಯನಗರದ ಅರಸರು ತುಂಗಭದ್ರೆಗೆ ಅಣೆಗಳನ್ನು ಕಟ್ಟಿ ತುರುತ್ತು, ರಾಯ, ಬಸವಣ್ಣ, ಕಂಪ್ಲಿ ಕಾಲುವೆಗಳನ್ನು ಹರಿಸಿದರು. ಇವು ಈಗಲೂ ಹರಿಯುತ್ತವೆ. ಕೃಷ್ಣದೇವರಾಯ ನಾಗಲಾಪುರ ಅಂತ ಕಟ್ಟಿಸಿದ ಊರೇ ಇವತ್ತಿನ ಹೊಸಪೇಟೆ. ಭತ್ತ, ಕಬ್ಬು, ಬಾಳೆ, ತೆಂಗಿಗೆ ನೀರು ಬೇಕು, ನೀರಿಗೆ ಕಾಲುವೆ ಬೇಕು, ಕಾಲುವೆ ಇದ್ದಲ್ಲಿ ತೆರಿಗೆ ಮತ್ತು ದಾನ, ಅವು ಇದ್ದಲ್ಲಿ ಶಾಸನ. ಅವರೆಗೆ ಇದ್ಯಾವುದೂ ಬೇಕಿಲ್ಲ. ಮುಂಗಾರಿನ ನಾಲ್ಕು ಮಳೆ, ಆಮೇಲೆ ಇಬ್ಬನಿ ಸಾಕು. ಬೇರಿನ ಗಂಟುಗಳಲ್ಲಿ ತನ್ನ ಸಾರಜನಕವನ್ನೂ ತಾನೇ ಮಾಡಿಕೊಳ್ಳುತ್ತದೆ. ಅದಕ್ಕೇ ಯಾರ ಲೆಕ್ಕಕ್ಕೂ ಸಿಗಲಿಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಾತ್ರ ಊರಿನ ದವಸಗಳನ್ನು ಪಟ್ಟಿ ಮಾಡುವಾಗ ಅಕ್ಕಿ, ಗೋಧಿ, ಜೋಳದ ಜೊತೆ ಹೆಸರು, ಹುರುಳಿ ಮತ್ತು ಬೇರೆ ಕಾಳುಗಳನ್ನೂ ಸೇರಿಸಿ, ಇವು ಸಾಮಾನ್ಯ ಜನರ ಆಹಾರ ಅಂದ. ಆ 'ಬೇರೆ ಕಾಳು'ಗಳ ಗುಂಪಿನಲ್ಲಿ ನಮ್ಮ ಬಳ್ಳಿಯೂ ಇತ್ತು ಅಂತ ನನ್ನ ಊಹೆ.

1953ರಲ್ಲಿ ಡ್ಯಾಮ್ ಮುಗಿಯಿತು. ಕಾಲುವೆ ನೀರು ಹೋದಲ್ಲೆಲ್ಲ ಭತ್ತ ಬಂತು. ಸಂಡೂರಿನ ಕಡೆ ಬೇರೆ ಕಥೆ. 2000ದ ದಶಕದ ಅದಿರಿನ ಭರಾಟೆಯಲ್ಲಿ ರಸ್ತೆ ಪಕ್ಕದ ಹೊಲಗಳ ಎಲೆಗಳೆಲ್ಲ ಕೆಂಪಾಗಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಷರತ್ತುಗಳ ಮೇಲೆ ಮತ್ತೆ ಶುರುವಾಯಿತು. ಕಂಪ್ಲಿಯ ಭತ್ತಕ್ಕೂ ಸಂಡೂರಿನ ಧೂಳಿಗೂ ಸಿಗದೆ ಅವರೆ ಉಳಿದುಕೊಂಡದ್ದು ಬೇಲಿ ಮೇಲೆ, ತಿಪ್ಪೆ ಪಕ್ಕ, ಹಿತ್ತಲಲ್ಲಿ. ಅಂದರೆ ಹೆಂಗಸರ ಕೈಯಲ್ಲಿ.

ಈಗ ನನ್ನ ಹೂಬಿಡದ ಬಳ್ಳಿಗೆ ಬರ್ತೀನಿ. ಪೇಟೆಯಲ್ಲಿ ವರ್ಷವಿಡೀ ಅವರೆಕಾಯಿ ಸಿಗುವುದಕ್ಕೆ ಕಾರಣ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4ರಂಥ ತಳಿಗಳು. ಅವು ಬಳ್ಳಿಯಾಗುವುದಿಲ್ಲ, ಯಾವ ತಿಂಗಳು ಬಿತ್ತಿದರೂ ಹೂ ಬಿಡುತ್ತವೆ. ಹಳೇ ಬಳ್ಳಿ ಅವರೆ ಹಾಗಲ್ಲ. ಹೊಸಪೇಟೆಯಲ್ಲಿ ಜೂನ್ ಕೊನೆಗೆ ಹಗಲು ಸುಮಾರು 13 ಗಂಟೆ, ಡಿಸೆಂಬರ್ ಕೊನೆಗೆ ಹನ್ನೊಂದೂಕಾಲು. ಈ ವ್ಯತ್ಯಾಸವನ್ನು ಅದರ ಎಲೆಗಳು ಅಳೆಯುತ್ತವೆ. ಹಗಲು ಕುಗ್ಗಿ ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗು. ಇಷ್ಟನ್ನೂ ನಾನು ಓದಿದ್ದೆ. ಓದಿಯೂ ತಲೆಗೆ ಹೋಗಿರಲಿಲ್ಲ.

ಅಜ್ಜಿಗೆ ಮೊಬೈಲಿನಲ್ಲಿ ಬಳ್ಳಿಯ ಫೋಟೋ ತೋರಿಸಿದೆ.

"ಇದು ಯಾವಾಗ ತೆಗೆದಿದ್ದು?"

"ರಾತ್ರಿ ಆಫೀಸಿಂದ ಬಂದ ಮೇಲೆ."

"ಮತ್ತ ಎಲಿ ಇಷ್ಟು ಬೆಳ್ಳಗ ಯಾಕ ಕಾಣ್ತಾವು?"

"ಎದುರಿಗೇ ಬೀದಿದೀಪ ಐತಿ ಅಜ್ಜಿ."

"ಅಲ್ಲೋ, ಅದು ಯಾವಾಗ ಮಲಗಬೇಕು? ಚಳಿಗಾಲ ಬಂತು ಅಂತ ತಿಳೀಬೇಕಂದ್ರ ಅದಕ್ಕ ಕತ್ತಲಾಗಬೇಕಲ್ಲ!"

ಇಂಜಿನಿಯರಿಂಗ್ ಡಿಗ್ರಿ ಪಕ್ಕಕ್ಕಿಟ್ಟು ಬೆಂಗಳೂರಿಗೆ ವಾಪಸ್ ಬಂದವನೇ ಗ್ರಿಲ್ಲಿನ ಹೊರಬದಿಗೆ ಕಪ್ಪು ಟಾರ್ಪಾಲ್ ಕಟ್ಟಿದೆ. ಸಂಜೆ ಇಳಿಸುವುದು, ಬೆಳಿಗ್ಗೆ ಎತ್ತುವುದು. ಗೊಬ್ಬರ ನಿಲ್ಲಿಸಿದೆ, ನೀರು ಕಡಿಮೆ ಮಾಡಿದೆ. ಸಂಕ್ರಾಂತಿ ಕಳೆದು ವಾರಕ್ಕೆ ಮೊದಲ ಮೊಗ್ಗು ಕಂಡಿತು. ನಾಲ್ಕು ಬಳ್ಳಿಯಲ್ಲಿ ಮೂರು ಹೂಬಿಟ್ಟವು. ಮಾರ್ಚ್ ಕೊನೆಗೆ ಒಣಗಿದ ಕಾಯಿಗಳಿಂದ ಸಿಕ್ಕಿದ್ದು ಐವತ್ತೆರಡು ಬೀಜ. ಕಪ್ಪು, ನೆತ್ತಿಯ ಮೇಲೆ ಬಿಳಿ ಗೆರೆ. ಒಂದು ಕಾಯಿಯನ್ನೂ ತಿನ್ನಲಿಲ್ಲ.

ಬೆಳೆಸುವವರಿಗೆ ನಾನು ಏಟು ತಿಂದು ಕಲಿತದ್ದು ಇಷ್ಟು. ಜೂನ್-ಜುಲೈಯಲ್ಲಿ ಬಿತ್ತಿ. ಬೀಜವನ್ನು ರಾತ್ರಿ ನೆನೆಸಿ ಒಂದು ಗೇಣು ಅಂತರದಲ್ಲಿ ಒಂದಿಂಚು ಆಳಕ್ಕೆ ಹಾಕಿ. ಕುಂಡವಾದರೆ ದೊಡ್ಡ ಪೇಂಟ್ ಡಬ್ಬಿಗೆ ಎರಡೇ ಗಿಡ, ತಳದಲ್ಲಿ ತೂತು ಇರಲೇಬೇಕು. ಕೊಟ್ಟಿಗೆ ಗೊಬ್ಬರ ಬಿತ್ತುವ ಮೊದಲು ಒಮ್ಮೆ ಹಾಕಿದರೆ ಸಾಕು, ಆಮೇಲೆ ಹಾಕಿದ್ದೆಲ್ಲ ಎಲೆಗೇ ಹೋಗುತ್ತದೆ. ಬಳ್ಳಿ ಚಪ್ಪರ ಮುಟ್ಟಿದ ತಕ್ಷಣ ಕುಡಿ ಚಿವುಟಿ, ಪಕ್ಕದ ಕವಲುಗಳು ಒಡೆಯುತ್ತವೆ, ಹೂ ಬರುವುದು ಅಲ್ಲೇ. ಕುಡಿಗೆ ಕಪ್ಪು ಹೇನು ಹತ್ತಿದರೆ ಮೊದಲು ನೀರು ರಭಸವಾಗಿ ಹೊಡೆಯಿರಿ, ಬೆಳಿಗ್ಗೆ ಇಬ್ಬನಿ ಇರುವಾಗ ಒಲೆ ಬೂದಿ ಎರಚಿ. ಬೀಜಕ್ಕೆ ಬಿಟ್ಟ ಕಾಯಿ ಬಳ್ಳಿಯಲ್ಲೇ ಒಣಗಿ ಗಿಲಗಿಲ ಅನ್ನಬೇಕು. ಒಣಕಾಳನ್ನು ಅಡುಗೆಗೆ ಬಳಸುವುದಾದರೆ ರಾತ್ರಿ ನೆನೆಸಿ, ಚೆನ್ನಾಗಿ ಕುದಿಸಿ, ಆ ನೀರು ಬಸಿದುಬಿಡಿ. ಕಪ್ಪು ಕಾಳಿನಲ್ಲಿ ಸ್ವಲ್ಪ ವಿಷದ ಅಂಶ ಇರುತ್ತದೆ. ಮತ್ತೆ... ರಾತ್ರಿ ಕತ್ತಲಿರಲಿ!

ಅವರೆ ಹೆಚ್ಚಾಗಿ ತನ್ನ ಹೂವಿನಲ್ಲೇ ತಾನು ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಹಾಗಾಗಿ ಒಂದೆರಡು ಗಿಡ ಇದ್ದರೂ ತಳಿ ಬಹುಮಟ್ಟಿಗೆ ಕೆಡದೆ ಉಳಿಯುತ್ತದೆ. ಆದರೆ ಒಂದೇ ಮನೆಯಲ್ಲಿ ಇದ್ದರೆ ಏನಾಗುತ್ತದೆ ಅಂತ ನಮ್ಮ ಹಿತ್ತಲು ಕಲಿಸಿದೆ. ಐವತ್ತೆರಡರಲ್ಲಿ ಹತ್ತನ್ನು ಅಜ್ಜಿಯ ಡಬ್ಬಿಗೆ ವಾಪಸ್ ಹಾಕಿದ್ದೇನೆ. ಹನ್ನೆರಡು ನನಗೆ. ಉಳಿದ ಮೂವತ್ತು ಬೀಜ ಹತ್ತು ಮನೆಗೆ, ಮನೆಗೆ ಮೂರರಂತೆ. ಬೇಕಾದವರು ಹೇಳಿ, ಕಳಿಸುತ್ತೇನೆ. ದುಡ್ಡು ಬೇಡ. ಷರತ್ತು ಒಂದೇ: ಒಂದು ಗಿಡದ ಕಾಯಿಯನ್ನು ಮುಟ್ಟದೆ ಒಣಗಲು ಬಿಡಬೇಕು, ಅದರ ಬೀಜವನ್ನು ಇನ್ನಿಬ್ಬರಿಗೆ ಕೊಡಬೇಕು.

ಬೂದಿ ನಿಮ್ಮ ಮನೆಯದ್ದೇ ಆಗಬಹುದು. ಗ್ಯಾಸ್ ಒಲೆಯವರು ಪಕ್ಕದ ಟೀ ಅಂಗಡಿಯಲ್ಲಿ ವಿಚಾರಿಸಿ :)